ಬಂದಳಿಕೆ

ನಮ್ಮ ಕಡೆ ಬಂದಳಿಕೆ ಅಂದರೆ ಮೊದಲು ನೆನಪಾಗುವುದು ಗಿಡವಲ್ಲ, ಮನುಷ್ಯ. ಮದುವೆಗೆಂದು ಬಂದು ತಿಂಗಳಾದರೂ ಹೊರಡದ ನೆಂಟ, ಅಣ್ಣನ ದುಡಿಮೆಯಲ್ಲಿ ಉಣ್ಣುವ ತಮ್ಮ. ‘ಒಳ್ಳೇ ಬಂದಳಿಕೆ ಹತ್ತಿದ ಹಾಗೆ ಹತ್ತಿದಾನೆ’ ಅಂದುಬಿಟ್ಟರೆ ಮುಗಿಯಿತು. ಚಿಕ್ಕಂದಿನಲ್ಲಿ ನನಗೆ ಈ ಪದದೊಳಗೆ ‘ಬಂದ’, ‘ಅಳಿ’ ಎರಡೂ ಕೇಳಿಸುತ್ತಿದ್ದವು. ಬಂದು ಅಳಿಸುವುದೇ ಬಂದಳಿಕೆ ಎಂದುಕೊಂಡಿದ್ದೆ. ಅದು ಕಿವಿ ಕಟ್ಟಿದ ಅರ್ಥ. ಬಂದಣಿಕೆ, ಬದನಿಕೆ ಎಂದೂ ಪದ ಉಂಟು. ತೆಲುಗರಿಗೆ ಅದು ಬದನಿಕ. ಅಮರಕೋಶ ವಂದಾ, ವೃಕ್ಷಾದನೀ, ವೃಕ್ಷರುಹಾ ಎನ್ನುತ್ತದೆ. ಒಂದು ಹೆಸರಿಗೆ ಮರ ತಿನ್ನುವುದು ಎಂಬ ಅರ್ಥ, ಇನ್ನೊಂದಕ್ಕೆ ಮರದ ಮೇಲೆ ಬೆಳೆಯುವುದು ಎಂದಷ್ಟೇ. ಈ ಎರಡೂ ಬೇರೆ ಬೇರೆ ಎಂಬುದನ್ನು ನಾವು ಮರೆತಿದ್ದೇವೆ.

ಮಾವಿನ ಮರದ ಬಂದಳಿಕೆ ನಿಜವಾಗಿಯೂ ಮರಕ್ಕೆ ಬಾಯಿ ಹಾಕುತ್ತದೆ. ಅದರ ಹಣ್ಣಿನ ತಿರುಳು ಅಂಟು. ತಿಂದ ಪುಟ್ಟ ಹಕ್ಕಿಗೆ ಬೀಜ ಸುಲಭಕ್ಕೆ ಬಿಡದು. ಕೊಂಬೆಗೆ ಒರೆಸಿ ಹೋಗುತ್ತದೆ. ಅಂಟಿದಲ್ಲೇ ಮೊಳೆತು ತೊಗಟೆ ತೂರಿ ಒಳಗಿಳಿಯುತ್ತದೆ. ಆಮೇಲೆ ಮರದ ನೀರು, ಲವಣ ಅದರ ಪಾಲು. ಅದರಾಚೆಯ ಕೊಂಬೆ ಸೊರಗುತ್ತದೆ. ಆದರೂ ಅದರ ಎಲೆ ಹಸಿರು; ಬಿಸಿಲು ಹಿಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಪೂರ್ತಿ ಕಳ್ಳನೂ ಅಲ್ಲ.

ಮಲೆನಾಡಿನ ಸೀತಾಳೆ ದಂಡೆಯ ಕತೆಯೇ ಬೇರೆ. ಮಳೆಗಾಲದ ಹೊಸ್ತಿಲಲ್ಲಿ ಮರದಿಂದ ಜಡೆಯಂತೆ ಇಳಿಬೀಳುವ ಆ ನಸುಗೆಂಪು ಹೂಗೊಂಚಲನ್ನು ಹೆಣ್ಣುಮಕ್ಕಳು ಮುಡಿದು ನಲಿಯುತ್ತಾರೆ. ಅದು ಮರದಿಂದ ಒಂದು ಹನಿಯನ್ನೂ ಹೀರುವುದಿಲ್ಲ. ತೊಗಟೆಯ ಮೇಲೆ ಹರಿಯುವ ಮಳೆನೀರು, ಗಾಳಿಯ ತೇವ, ಸಂದಿಯ ಕಸ ಅದಕ್ಕೆ ಸಾಕು. ಆದರೆ ಇದೇ ಆರ್ಕಿಡ್ ಬಳಗದ ಒಂದು ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ವಂದಾ, ಅಮರಕೋಶದ ಬಂದಳಿಕೆಯ ಅದೇ ಪದ! ಇಂಥ ಗಿಡಕ್ಕೆ ಪಾಠಪುಸ್ತಕದ ‘ಅಪ್ಪುಗಿಡ’ ಎಂಬ ಹೆಸರು ನನಗೆ ಎಷ್ಟೋ ಹಿಡಿಸುತ್ತದೆ. ಅಪ್ಪಿಕೊಂಡದ್ದು, ಅಷ್ಟೇ.

ತಾಳೆಮರದ ಗರಿಬುಡದಲ್ಲಿ ಹಕ್ಕಿಯ ಹಿಕ್ಕೆಯಿಂದ ಮೊಳೆತ ಆಲ ಯಾವ ಹೆಸರಿಗೂ ಒಗ್ಗುವುದಿಲ್ಲ. ಅದು ರಸ ಹೀರದೆ ಬೇರುಗಳನ್ನು ನೆಲಕ್ಕೆ ಇಳಿಬಿಡುತ್ತದೆ. ಬೇರು ಮಣ್ಣು ಮುಟ್ಟಿದ ಮೇಲೆ ತಾಳೆಯ ಸುತ್ತ ಜಾಲ ಬಿಗಿಯುತ್ತಾ ಹೋಗುತ್ತದೆ. ಅಪ್ಪಿದ್ದೇ ಮುಳುವಾಯಿತು, ಆದರೂ ನಾವು ಆಲವನ್ನು ಬಂದಳಿಕೆ ಎಂದು ಬೈಯುವುದಿಲ್ಲ, ಕಟ್ಟೆ ಕಟ್ಟಿ ಕೈಮುಗಿಯುತ್ತೇವೆ.

ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆ ಎಂಬ ಊರೇ ಇದೆ. 10ನೆಯ ಶತಮಾನದ ಮೊದಲಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆ ಸಲ್ಲೇಖನ ಕೈಗೊಂಡದ್ದು ಅಲ್ಲಿಯ ಬಸದಿಯಲ್ಲಿ. ಊರಿನ ಹಳೆಯ ಹೆಸರು ಬಂದಣಿಕೆ. ಬಾಂಧವಪುರ ಎಂದೂ ಉಂಟು. ಹೊರಗಿನಿಂದ ಬಂದು ಅಂಟುವ ಗಿಡದ ಹೆಸರಿನ ಪಕ್ಕದಲ್ಲೇ ಬಾಂಧವರು! ಆ ಜೋಡಿ ಹೆಸರು ಕೇಳಿದಾಗಲೆಲ್ಲ ತಿಂಗಳಾದರೂ ಹೊರಡದ ಆ ನೆಂಟನ ಮುಖ ನೆನಪಾಗುತ್ತದೆ. ಅವನಿಗೆ ಹೋಗಲು ಮನೆಯಿತ್ತೋ ಇಲ್ಲವೋ, ಯಾರೂ ಕೇಳಿರಲಿಲ್ಲ.

ಅಪ್ಪ ಪ್ರತಿವರ್ಷ ಹಿತ್ತಲ ಮಾವಿನ ಬಂದಳಿಕೆಯನ್ನು ಕೊಂಬೆ ಸಮೇತ ಕಡಿಸುತ್ತಿದ್ದರು. ಹಾಗೆ ಕಡಿಯದಿದ್ದರೆ ಮರ ಉಳಿಯದು, ನಾನೂ ಕಡಿಸುತ್ತೇನೆ. ಈ ಸಲ ಮಾತ್ರ ತುದಿಯ ಒಂದು ಗೊಂಚಲನ್ನು ಉಳಿಸಿದ್ದೇನೆ. ಅದು ಹೂ ಬಿಟ್ಟಿದೆ, ಬೆಳಗಾದರೆ ಸೂರಕ್ಕಿಗಳು ಬರುತ್ತವೆ.