ಚಿತ್ರಗಾರ ಗುರುವಾದದ್ದು: ನಿಕೊಲಾಸ್ ರೋರಿಚ್ (1874–1947)

ಬೆಂಗಳೂರಿನವರಿಗೆ ರೋರಿಚ್ ಎಂದರೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು, ನಟಿ ದೇವಿಕಾರಾಣಿ. ಅದು ಆಕೆಯ ಪತಿ, ನಿಕೊಲಾಸ್ ಮಗ ಸ್ವೆತೊಸ್ಲಾವ್. ಈ ಫಲಕ ಅಪ್ಪನದು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ನಿಕೊಲಾಸ್ ಕಾನೂನು, ಚಿತ್ರಕಲೆ ಎರಡನ್ನೂ ಒಟ್ಟಿಗೇ ಓದಿದರು. ಮೇಟರ್‌ಲಿಂಕ್‌ನ ನಾಟಕಗಳಿಗೆ ಚಿತ್ರ ಬರೆದರು. 1913ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಗದ್ದಲ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ ಬ್ಯಾಲೆಗೆ ಪರದೆ, ಉಡುಪು ಇವರದೇ.

ಆಮೇಲೆ ದಾರಿ ಬದಲಾಯಿತು. ಪತ್ನಿ ಹೆಲೆನಾ ಜೊತೆ ‘ಅಗ್ನಿಯೋಗ’ದ ಬೋಧನೆ ಆರಂಭಿಸಿದರು. ಗುಹೆ ಸೇರಬೇಕಿಲ್ಲ, ದಿನದ ಕೆಲಸದಲ್ಲೇ ಮನಸ್ಸನ್ನು ಹದಗೊಳಿಸಬಹುದು ಎಂಬುದು ಅದರ ತಿರುಳು. ಅದರ ಪುಸ್ತಕಗಳಲ್ಲಿ ಹೆಚ್ಚಿನವು ಹೆಲೆನಾ ಬರೆದವು; ಹೆಸರು ಮಾತ್ರ ಗಂಡನಿಗೇ ಜಾಸ್ತಿ ಬಂತು.

ಮಧ್ಯ ಏಷ್ಯಾದ ಯಾತ್ರೆಯಲ್ಲಿದ್ದ ಇವರ ತಂಡವನ್ನು 1927ರ ಚಳಿಗಾಲದಲ್ಲಿ ಟಿಬೆಟ್ ಅಧಿಕಾರಿಗಳು ಎತ್ತರದ ಬಯಲಲ್ಲೇ ತಡೆದರು. ಬೇಸಿಗೆಗೆಂದು ತಂದ ಡೇರೆಗಳಲ್ಲಿ ಸುಮಾರು ಐದು ತಿಂಗಳು! ಒಂಟೆ, ಕುದುರೆಗಳು ಒಂದೊಂದಾಗಿ ಸತ್ತವು. ಬದುಕಿ ಬಂದವರು 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆ ನಿಂತರು. ನಿಕೊಲಾಸ್ ಕೊನೆಯುಸಿರೆಳೆದದ್ದೂ ಅಲ್ಲೇ.

ವೃತ್ತದೊಳಗೆ ಮೂರು ಕೆಂಪು ಚುಕ್ಕೆ: ಇದು ಅವರ ಶಾಂತಿ ಬಾವುಟ. ಈ ಗುರುತಿನಡಿ ಯುದ್ಧದಲ್ಲೂ ಕಲಾಕೇಂದ್ರಗಳಿಗೆ ರಕ್ಷಣೆ ಕೊಡುವ ‘ರೋರಿಚ್ ಒಪ್ಪಂದ’ಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು.

ಉಪದೇಶಕ್ಕಿಂತ ಅವರ ಹಿಮಾಲಯದ ನೀಲಿಯೇ ಹೆಚ್ಚು ಕಾಲ ಉಳಿದಿದೆ. ನೋಡಬೇಕೆ? ದಾಸರಹಳ್ಳಿಯಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯಿರಿ. ಅಲ್ಲಿಂದ ಆಟೋದಲ್ಲಿ ಕುಮಾರಕೃಪಾ ರಸ್ತೆ. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ, ಮಗ ಇಬ್ಬರ ಚಿತ್ರಗಳೂ ಇವೆ.