ದೂರದ ವಿದ್ಯಾರ್ಥಿಗೆ ಹೊಣೆ ಯಾರು? ಬಾಹ್ಯ ಪದವಿಯಿಂದ ಆನ್‌ಲೈನ್ ತರಗತಿಯವರೆಗೆ ಒಂದು ಚಾರಿತ್ರಿಕ ಅವಲೋಕನ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ವಿಶ್ವವಿದ್ಯಾಲಯಗಳೂ ಸೆಮಿನರಿಗಳೂ ಬಾಗಿಲು ಮುಚ್ಚಿದವು. ಏಪ್ರಿಲ್ 29ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆ ಅವಧಿಯಲ್ಲಿ ಎಲ್ಲ ವಿದ್ಯಾರ್ಥಿಗಳೂ ತರಗತಿಗೆ ಹಾಜರಾಗಿದ್ದರೆಂದೇ ಪರಿಗಣಿಸಬಹುದೆಂಬ ಸೂಚನೆಯಿತ್ತು. ಸಂಕಟದ ಕಾಲದಲ್ಲಿ ಅದು ನ್ಯಾಯವೂ ಕರುಣೆಯೂ ಕೂಡಿದ ಕ್ರಮವಾಗಿತ್ತು. ಆದರೆ ಹಾಜರಿ ಪುಸ್ತಕದ ತೊಡಕು ನಿವಾರಣೆಯಾದ ಮಾತ್ರಕ್ಕೆ ಬೋಧನೆಯ ತೊಡಕು ನಿವಾರಣೆಯಾಗಲಿಲ್ಲ. ಪರದೆಯ ಮುಂದೆ ಕುಳಿತವನು ಕಲಿತನೇ, ಕಲಿಯದಿದ್ದರೆ ಅದನ್ನು ಗಮನಿಸಬೇಕಾದವರು ಯಾರು, ಸಂಪರ್ಕ ಕಡಿದುಹೋದ ವಿದ್ಯಾರ್ಥಿಯ ಅಹವಾಲನ್ನು ಆಲಿಸಬೇಕಾದವರು ಯಾರು ಎಂಬ ಪ್ರಶ್ನೆಗಳು ಉಳಿದವು. ಆನ್‌ಲೈನ್ ತರಗತಿಗಳು ದೇವಶಾಸ್ತ್ರ ಶಿಕ್ಷಣದಲ್ಲಿ ನೆಲೆಯೂರಿರುವ ಇಂದು ಅವೇ ಪ್ರಶ್ನೆಗಳು ನಮ್ಮ ಮುಂದಿವೆ.

ಇವು 2020ರಲ್ಲಿ ಹುಟ್ಟಿದ ಪ್ರಶ್ನೆಗಳಲ್ಲ. ದೂರದಲ್ಲಿರುವ ವಿದ್ಯಾರ್ಥಿಗೆ ಪದವಿ ನೀಡುವ ಪ್ರಯತ್ನಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ಪರಿಶೀಲಿಸಿದಾಗ ನಮಗೆ ಕಾಣುವುದಿಷ್ಟು: ಕಲಿಸುವುದು, ಪರೀಕ್ಷಿಸುವುದು, ವಿದ್ಯಾರ್ಥಿಗೆ ಉತ್ತರ ಕೊಡುವುದು ಎಂಬ ಮೂರು ಕೆಲಸಗಳನ್ನು ಆಡಳಿತವು ಒಂದರಿಂದೊಂದು ಬೇರ್ಪಡಿಸಿದಾಗಲೆಲ್ಲ ಅದರ ಭಾರವನ್ನು ವಿದ್ಯಾರ್ಥಿಯೇ ಹೊರಬೇಕಾಗಿ ಬಂದಿದೆ.

ಪರೀಕ್ಷೆ ಮಾತ್ರ ನಡೆಸಿದ ವಿಶ್ವವಿದ್ಯಾಲಯ

1836ರಲ್ಲಿ ಸ್ಥಾಪಿತವಾದ ಲಂಡನ್ ವಿಶ್ವವಿದ್ಯಾಲಯವು ಮೊದಲಿನಿಂದಲೂ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಯಾಗಿತ್ತು; ಬೋಧನೆ ಅದರ ಅಂಗ ಕಾಲೇಜುಗಳ ಪಾಲಿನದಾಗಿತ್ತು. 1858ರ ಹೊಸ ಸನ್ನದು ಈ ಕೊಂಡಿಯನ್ನೂ ಕಳಚಿತು. ವೈದ್ಯಕೀಯವೊಂದನ್ನು ಬಿಟ್ಟರೆ, ಯಾವ ಕಾಲೇಜಿನಲ್ಲೂ ಓದದವರು ಸಹ ಪರೀಕ್ಷೆಗೆ ಕುಳಿತು ಪದವಿ ಪಡೆಯುವುದು ಸಾಧ್ಯವಾಯಿತು. ಇದರಿಂದ ಆದ ಉಪಕಾರ ಅಲ್ಪವಲ್ಲ. ದುಡಿದು ಬದುಕುತ್ತಿದ್ದ ಶಾಲಾ ಶಿಕ್ಷಕರಿಗೆ, ಗುಮಾಸ್ತರಿಗೆ, ವಸಾಹತುಗಳಲ್ಲಿದ್ದವರಿಗೆ ಪದವಿಯ ಬಾಗಿಲು ತೆರೆಯಿತು. 1878ರಿಂದ ಸ್ತ್ರೀಯರಿಗೂ ಪದವಿಯ ಹಕ್ಕು ದೊರೆಯಿತು.

ಆದರೆ ಈ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ಯಾರೆಂಬುದನ್ನು ಸನ್ನದು ಹೇಳಲಿಲ್ಲ. ಆ ತೆರವನ್ನು ಖಾಸಗಿಯವರು ತುಂಬಿದರು. 1887ರಲ್ಲಿ ವಿಲಿಯಂ ಬ್ರಿಗ್ಸ್ ಸ್ಥಾಪಿಸಿದ ‘ಯೂನಿವರ್ಸಿಟಿ ಕರೆಸ್ಪಾಂಡೆನ್ಸ್ ಕಾಲೇಜ್’ ಇಂಥ ಸಂಸ್ಥೆಗಳಲ್ಲಿ ಹೆಸರುವಾಸಿಯಾದುದು. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ಗುರಿಯಾಗಿಟ್ಟುಕೊಂಡು ಪಾಠಗಳು ಅಂಚೆಯಲ್ಲಿ ಹೋಗತೊಡಗಿದವು. ಪದವಿಯ ಗುಣಮಟ್ಟವನ್ನು ವಿಶ್ವವಿದ್ಯಾಲಯವು ಕಟ್ಟುನಿಟ್ಟಾಗಿ ಕಾಯಿತು. ಬೋಧನೆಯ ಗುಣಮಟ್ಟವನ್ನು ಕಾಯುವುದು ತನ್ನ ಕೆಲಸವೆಂದು ಅದು ಎಣಿಸಲಿಲ್ಲ.

1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳಿಗೆ ಲಂಡನ್ನೇ ಮಾದರಿಯಾಯಿತು. ಹೀಗಾಗಿ ಪರೀಕ್ಷೆಯೇ ವಿಶ್ವವಿದ್ಯಾಲಯದ ಮುಖ್ಯ ಕಾರ್ಯವೆಂಬ ಭಾವನೆ ನಮ್ಮ ದೇಶದ ಆಡಳಿತಗಾರರಲ್ಲಿ ಆರಂಭದಿಂದಲೇ ಬೇರೂರಿತು. ದೇವಶಾಸ್ತ್ರ ಶಿಕ್ಷಣವು ಈ ಪ್ರಭಾವದಿಂದ ಹೊರಗುಳಿಯಲಿಲ್ಲ. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು ಮಿಷನರಿಗಳು ಸ್ಥಾಪಿಸಿದ ಸೆರಾಂಪುರ ಕಾಲೇಜು, 1827ರ ಡೇನಿಷ್ ರಾಜಸನ್ನದಿನಿಂದ ಪದವಿ ನೀಡುವ ಅಧಿಕಾರ ಪಡೆದು, 1918ರ ಕಾಯಿದೆಯ ಬಳಿಕ ಸೆನೆಟ್ ಮೂಲಕ ಇತರ ಸೆಮಿನರಿಗಳನ್ನೂ ಸಂಯೋಜಿಸಿಕೊಂಡಿತು. ಕಲಿಸುವವರು ಒಂದೆಡೆ, ಪದವಿ ಕೊಡುವವರು ಮತ್ತೊಂದೆಡೆ ಎಂಬ ವ್ಯವಸ್ಥೆ ನಮಗೂ ಪರಿಚಿತವೇ. ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಿಸುವ ಸೆಮಿನರಿಗಳಲ್ಲಿ ಈ ಅಂತರ ಅಷ್ಟಾಗಿ ಬಾಧಿಸಲಿಲ್ಲ. ವಿದ್ಯಾರ್ಥಿ ಆವರಣದಿಂದ ಹೊರಗಿರುವಾಗ ಅದು ಎದ್ದು ಕಾಣುತ್ತದೆ.

ಅಂಚೆ ತೆರಪಿನ ಪಾಠ ಮತ್ತು ಮೈಸೂರಿನ ಅನುಭವ

ಸ್ವತಂತ್ರ ಭಾರತದಲ್ಲಿ ಅಂಚೆ ತೆರಪಿನ ಶಿಕ್ಷಣ 1962ರಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಆರಂಭವಾಯಿತು. ಮೈಸೂರು ವಿಶ್ವವಿದ್ಯಾಲಯವೂ ಅದೇ ದಶಕದ ಕೊನೆಗೆ ಅಂಥ ಸಂಸ್ಥೆಯನ್ನು ತೆರೆಯಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಹಗಲು ದುಡಿದು ರಾತ್ರಿ ಓದುವ ಅಸಂಖ್ಯ ಕನ್ನಡಿಗರಿಗೆ ಅದು ಆಸರೆಯಾಯಿತೆಂಬುದನ್ನು ನಾವು ಮರೆಯಬಾರದು.

ಆದರೆ ರಾಜ್ಯದ ಗಡಿಯ ಹೊರಗೂ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳು ಹರಡಿದಾಗ, ಕಲಿಸುವ ಕೆಲಸ ವಿಶ್ವವಿದ್ಯಾಲಯದ ಕೈಯಿಂದ ಜಾರಿ, ಪ್ರಮಾಣಪತ್ರ ನೀಡುವ ಕೆಲಸ ಮಾತ್ರ ಅದರ ಬಳಿ ಉಳಿಯಿತು. 2015ರ ಜೂನ್‌ನಲ್ಲಿ ಧನಸಹಾಯ ಆಯೋಗವು, 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಪ್ರಕಟಿಸಿತು. ಹೊಸದಾಗಿ ಮಾನ್ಯತೆ ದೊರೆತದ್ದು 2018ರಲ್ಲಿ. ನಿಯಮ ಮೀರಿದ ಒಪ್ಪಂದಗಳಿಗೆ ಸಹಿ ಹಾಕಿದವರು ಆಡಳಿತಗಾರರು. ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಅಂಕಪಟ್ಟಿ ಹಿಡಿದು ಉದ್ಯೋಗದ ಬಾಗಿಲಲ್ಲಿ ನಿಂತವರು ವಿದ್ಯಾರ್ಥಿಗಳು. ಗುಣಮಟ್ಟ ಕಾಯಲು ಆಯೋಗ ಕೈಗೊಂಡ ಕ್ರಮದ ಪೆಟ್ಟು ಮೊದಲು ಬಿದ್ದದ್ದು ತಪ್ಪು ಮಾಡದವರ ಮೇಲೆ.

ಗ್ವಾಟೆಮಾಲಾದಲ್ಲಿ ಹುಟ್ಟಿದ ಬೇರೆ ಮಾದರಿ

ಇದೇ ಅವಧಿಯಲ್ಲಿ ಸಭೆಯೊಳಗಿಂದಲೇ ಮತ್ತೊಂದು ಮಾದರಿ ಹುಟ್ಟಿತು. ಮಧ್ಯ ಅಮೆರಿಕದ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯು 1960ರ ದಶಕದ ಆರಂಭದಲ್ಲಿ ತನ್ನ ಕೆಲಸವನ್ನು ಲೆಕ್ಕ ಹಾಕಿ ನೋಡಿತು. 25 ವರ್ಷಗಳ ದುಡಿಮೆಯ ಬಳಿಕ, ಅಲ್ಲಿ ತರಬೇತಿ ಪಡೆದು ಸಭಾಪಾಲನೆಯಲ್ಲಿ ಮುಂದುವರಿದಿದ್ದವರು ಕೇವಲ 10 ಮಂದಿ. ಹಳ್ಳಿಗಳ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಕುಟುಂಬ, ಹೊಲಗಳನ್ನು ಬಿಟ್ಟು ಸೆಮಿನರಿಗೆ ಬರಲಾಗದ ಹಿರಿಯರಾಗಿದ್ದರು. ಜೇಮ್ಸ್ ಎಮೆರಿ, ರಾಲ್ಫ್ ವಿಂಟರ್, ರಾಸ್ ಕಿನ್ಸ್‌ಲರ್ ಮೊದಲಾದವರು ರೂಪಿಸಿದ ವಿಸ್ತರಣಾ ದೇವಶಾಸ್ತ್ರ ಶಿಕ್ಷಣ 1963ರಲ್ಲಿ ಆರಂಭವಾಯಿತು.

ಅದರ ಕ್ರಮ ಸರಳ. ವಿದ್ಯಾರ್ಥಿ ಮನೆಯಲ್ಲೇ ಸ್ವಯಂಬೋಧಕ ಪಠ್ಯವನ್ನು ಓದುತ್ತಾನೆ, ತನ್ನ ಸಭೆಯಲ್ಲಿ ಸೇವೆ ಮುಂದುವರಿಸುತ್ತಾನೆ, ನಿಯತವಾಗಿ ಹತ್ತಿರದ ಕೇಂದ್ರದಲ್ಲಿ ಅಧ್ಯಾಪಕನನ್ನೂ ಸಹಪಾಠಿಗಳನ್ನೂ ಭೇಟಿಯಾಗುತ್ತಾನೆ. ಅಮೆರಿಕದ ಶಿಕ್ಷಣತಜ್ಞ ಟೆಡ್ ವಾರ್ಡ್ ಇದನ್ನು ಬೇಲಿಗೆ ಹೋಲಿಸಿದರು. ಓದು ಒಂದು ಅಡ್ಡಪಟ್ಟಿ, ಸೇವಾನುಭವ ಇನ್ನೊಂದು. ಇವೆರಡನ್ನೂ ಹಿಡಿದು ನಿಲ್ಲಿಸುವ ಗೂಟಗಳೇ ಆ ಭೇಟಿಗಳು. ಗೂಟಗಳಿಲ್ಲದೆ ಬೇಲಿ ನಿಲ್ಲದು. ಭಾರತದಲ್ಲಿ 1971ರಿಂದ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಮಾಡುತ್ತಿರುವ ‘ಟಾಫ್‌ಟೀ’ ಸಂಸ್ಥೆಯು ಇದೇ ಮಾರ್ಗದಲ್ಲಿ ಸಾಮಾನ್ಯ ವಿಶ್ವಾಸಿಗಳಿಗೆ ದೇವಶಾಸ್ತ್ರವನ್ನು ಕಲಿಸುತ್ತ ಬಂದಿದೆ.

ಲಂಡನ್ ಮಾದರಿಗೂ ಗ್ವಾಟೆಮಾಲಾ ಮಾದರಿಗೂ ಇರುವ ಭೇದವನ್ನು ಆಡಳಿತದ ದೃಷ್ಟಿಯಿಂದ ಗಮನಿಸಬೇಕು. ಎರಡರಲ್ಲೂ ವಿದ್ಯಾರ್ಥಿ ದೂರದಲ್ಲಿದ್ದಾನೆ. ಮೊದಲನೆಯದರಲ್ಲಿ ಅವನು ಎಡವಿದ್ದು ಪರೀಕ್ಷೆಯ ಫಲಿತಾಂಶ ಬಂದಾಗಲೇ ಸಂಸ್ಥೆಗೆ ತಿಳಿಯುತ್ತದೆ. ಎರಡನೆಯದರಲ್ಲಿ ಮುಂದಿನ ಭೇಟಿಯಲ್ಲೇ, ಅವನನ್ನು ಹೆಸರಿನಿಂದ ಬಲ್ಲ ಅಧ್ಯಾಪಕನಿಗೆ ತಿಳಿಯುತ್ತದೆ.

2020: ಚರ್ಚೆಯಾದದ್ದು ಮತ್ತು ಆಗದೆ ಉಳಿದದ್ದು

ಲಾಕ್‌ಡೌನ್ ಕಾಲದ ನೀತಿಗಳತ್ತ ಈಗ ಹಿಂದಿರುಗೋಣ. ಏಪ್ರಿಲ್ 29ರ ಮಾರ್ಗಸೂಚಿಯು ಪ್ರತಿಯೊಂದು ವಿಶ್ವವಿದ್ಯಾಲಯವೂ ವಿದ್ಯಾರ್ಥಿಗಳ ಕುಂದುಕೊರತೆಗಾಗಿ ಒಂದು ಘಟಕವನ್ನು ತೆರೆಯಬೇಕೆಂದು ಹೇಳಿತು. ಜುಲೈ 6ರ ಪರಿಷ್ಕೃತ ಮಾರ್ಗಸೂಚಿಯು ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ನಡೆಸಲೇಬೇಕೆಂದು ವಿಧಿಸಿತು. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನ ಮೊರೆಹೋದರು. ಆಗಸ್ಟ್ 28ರಂದು ನ್ಯಾಯಾಲಯವು ಆಯೋಗದ ನಿರ್ಧಾರವನ್ನು ಎತ್ತಿಹಿಡಿಯಿತು. ಪರೀಕ್ಷೆಯಿಲ್ಲದೆ ಅಂತಿಮ ವರ್ಷದವರನ್ನು ರಾಜ್ಯಗಳು ತೇರ್ಗಡೆ ಮಾಡುವಂತಿಲ್ಲ, ಬೇಕಾದರೆ ಆಯೋಗದಿಂದ ಹೆಚ್ಚಿನ ಸಮಯ ಕೇಳಬಹುದು ಎಂದಿತು. ಸೆಪ್ಟೆಂಬರ್ 4ರಂದು ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳ ಹೊಸ ನಿಯಮಾವಳಿ ಪ್ರಕಟವಾಯಿತು. ಕಲಿಕಾ ಕೇಂದ್ರಗಳನ್ನು ಗುತ್ತಿಗೆಗೆ ಕೊಡುವುದನ್ನು ಅದು ನಿಷೇಧಿಸಿತು. ಮೈಸೂರಿನಂಥ ಅನುಭವಗಳಿಂದ ಕಲಿತ ಪಾಠದ ಗುರುತು ಅಲ್ಲಿದೆ.

ಆದರೆ ಆ ತಿಂಗಳುಗಳಲ್ಲಿ ನ್ಯಾಯಾಲಯದಲ್ಲೂ ಪತ್ರಿಕೆಗಳಲ್ಲೂ ಮುಂಚೂಣಿಗೆ ಬಂದ ವಿಷಯ ಪರೀಕ್ಷೆ. ಒಂದೇ ಮೊಬೈಲನ್ನು ಒಡಹುಟ್ಟಿದವರೊಂದಿಗೆ ಹಂಚಿಕೊಂಡು ಪಾಠ ಕೇಳಿದ, ಸಿಗ್ನಲ್ ಅರಸಿ ಗುಡ್ಡ ಹತ್ತಿದ ವಿದ್ಯಾರ್ಥಿಗೆ ಯಾವ ಬೋಧನೆ ತಲುಪಿತು ಎಂಬುದು ಅಷ್ಟಾಗಿ ಚರ್ಚೆಯಾಗಲಿಲ್ಲ. 1858ರ ಮನೋಧರ್ಮ ನಮ್ಮಲ್ಲಿ ಇನ್ನೂ ಜೀವಂತವಾಗಿದೆ.

ಪತ್ರಿಕೆಯೊಂದಿಗೆ ಹೋದ ವ್ಯಕ್ತಿ

ದೂರದಿಂದ ಕಲಿಸುವುದು ಸಭೆಗೆ ಹೊಸತಲ್ಲ. ಹೊಸ ಒಡಂಬಡಿಕೆಯ ಬಹುಭಾಗವೇ ದೂರದವರಿಗೆ ಬರೆದ ಪತ್ರಿಕೆಗಳು. ಆದರೆ ಪೌಲನು ಪತ್ರಿಕೆಯೊಂದನ್ನೇ ನೆಚ್ಚಲಿಲ್ಲ. ಥೆಸಲೊನೀಕಕ್ಕೆ ತಾನು ಹೋಗಲಾಗದಿದ್ದಾಗ ತಿಮೊಥೆಯನನ್ನು ಕಳುಹಿಸಿದನು. ಅವನು ಅಲ್ಲಿಯವರ ಸಮಾಚಾರವನ್ನು ಹಿಂದಕ್ಕೆ ತಂದ ಮೇಲೆಯೇ ಪತ್ರಿಕೆ ಬರೆದನು. ರೋಮಾಪುರದವರಿಗೆ ಬರೆದುದನ್ನು ಒಯ್ದವಳು ಫೊಯಿಬೆಯೆಂಬುದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಯೋಹಾನನ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಕಾಗದ ಮತ್ತು ಮಸಿಗೆ ಒಪ್ಪಿಸದೆ ಮುಖಾಮುಖಿ ಮಾತಿಗಾಗಿ ಕಾದಿರಿಸಿದ ವಿಷಯಗಳಿವೆಯೆಂಬ ಸೂಚನೆಯಿದೆ. ಅಪೊಸ್ತಲರ ಬೋಧನೆ ದೂರವನ್ನು ದಾಟಿತು. ಅದರ ಜೊತೆಗೆ ಒಬ್ಬ ಹೊಣೆಗಾರ ವ್ಯಕ್ತಿಯೂ ದಾಟಿದನು.

ಹೀಗಿರುವಲ್ಲಿ ಆನ್‌ಲೈನ್ ಕೋರ್ಸನ್ನು ಅನುಮೋದಿಸುವ ಮುನ್ನ ನಮ್ಮ ಆಡಳಿತ ಮಂಡಳಿಗಳು ಕೆಲವು ವಿಷಯಗಳನ್ನು ಬರಹದಲ್ಲಿ ನಿರ್ಧರಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಹೆಸರಿಸಿದ ಒಬ್ಬ ಮಾರ್ಗದರ್ಶಕರು ಇರಬೇಕು. ಒಬ್ಬರ ಪಾಲಿಗೆ ಎಷ್ಟು ಮಂದಿಯೆಂಬ ಮಿತಿಯೂ ಇರಬೇಕು. ಬರೆದು ಕಳುಹಿಸಿದ ಪ್ರಬಂಧಕ್ಕೆ ಅಂಕದ ಜೊತೆಗೆ ಟಿಪ್ಪಣಿ ನಿಗದಿತ ದಿನದೊಳಗೆ ಮರಳಬೇಕು. ಹಾಜರಿ ಮತ್ತು ಪರೀಕ್ಷೆಯ ನಿಯಮಗಳನ್ನು ಅವಧಿಯ ಆರಂಭದಲ್ಲೇ ತಿಳಿಸಬೇಕು, ನಡುವೆ ಬದಲಿಸಬಾರದು. ಅಹವಾಲು ಕೇಳುವ ಸಮಿತಿಯಲ್ಲಿ ಆ ಕೋರ್ಸಿಗೆ ಸಂಬಂಧಿಸದ ಒಬ್ಬ ಅಧ್ಯಾಪಕರೂ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ವರ್ಷದಲ್ಲಿ ಕೆಲವು ದಿನಗಳಾದರೂ ಒಂದೇ ಚಾಪೆಲಿನಲ್ಲಿ ಪ್ರಾರ್ಥಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ಏರ್ಪಾಡಿರಬೇಕು.

ಇದಕ್ಕೆಲ್ಲ ಖರ್ಚಿದೆ. ಮಾರ್ಗದರ್ಶಕರಿಗೆ ಮಿತಿ ಹಾಕಿದರೆ ಪ್ರವೇಶಗಳ ಸಂಖ್ಯೆ ಇಳಿಯುತ್ತದೆ, ಶುಲ್ಕದ ಆದಾಯ ಕುಗ್ಗುತ್ತದೆ. ವಸತಿ ಶಿಕ್ಷಣದ ಕೊರತೆಯನ್ನು ಆನ್‌ಲೈನ್ ಶುಲ್ಕದಿಂದ ತುಂಬುವ ಲೆಕ್ಕಾಚಾರ ಹೊಂದುವುದಿಲ್ಲ. ಆದರೂ ಮನೆ ಬಿಟ್ಟು ಬರಲಾಗದ ಗೃಹಿಣಿ, ಹೊಲದ ಕೆಲಸದ ನಡುವೆ ಸಭೆಯನ್ನು ನಡೆಸುವ ಉಪದೇಶಿ ನಮ್ಮಲ್ಲಿಗೆ ಪ್ರವೇಶ ಕೇಳಿ ಬರುತ್ತಿದ್ದಾರೆ. ಅವರನ್ನು ಸೇರಿಸಿಕೊಳ್ಳುವ ದಿನವೇ, ಅವರಿಗಾಗಿ ಉತ್ತರ ಕೊಡಬೇಕಾದವರ ಹೆಸರು ನಮ್ಮ ದಾಖಲೆಯಲ್ಲಿ ಬರೆದಿರಬೇಕು.