ಹೆಪ್‌ಪಾರ್-1 ಪ್ರತಿಕಾಯ: ಯಕೃತ್ತಿನ ಗಡ್ಡೆಯ ಮೂಲ ಪತ್ತೆ

ಯಕೃತ್ತಿನಲ್ಲಿ ಕಂಡುಬರುವ ಕ್ಯಾನ್ಸರ್ ಗಡ್ಡೆಗಳೆಲ್ಲವೂ ಅಲ್ಲಿಯೇ ಹುಟ್ಟಿದವುಗಳಲ್ಲ. ಕರುಳು, ಶ್ವಾಸಕೋಶ ಮುಂತಾದ ಅಂಗಗಳಿಂದ ಹರಡಿದವೂ ಇರುತ್ತವೆ. ಚಿಕಿತ್ಸೆಯು ಮೂಲವನ್ನು ಅವಲಂಬಿಸಿರುವುದರಿಂದ, ಬಯಾಪ್ಸಿಯಲ್ಲಿ ತೆಗೆದ ಅಂಗಾಂಶವನ್ನು ಹೆಪ್‌ಪಾರ್-1 ಎಂಬ ಪ್ರತಿಕಾಯದಿಂದ ಪರೀಕ್ಷಿಸಲಾಗುತ್ತದೆ. ಯಕೃತ್ತಿನ ಜೀವಕೋಶಗಳಿದ್ದಲ್ಲಿ ಅವುಗಳೊಳಗೆ ಸಾಮಾನ್ಯವಾಗಿ ಕಂದು ಬಣ್ಣದ ಕಣಗಳು ಸೂಕ್ಷ್ಮದರ್ಶಕದಲ್ಲಿ ಗೋಚರಿಸುತ್ತವೆ. 1993ರಲ್ಲಿ ವರದಿಯಾದ ಈ ಪ್ರತಿಕಾಯವು, ತಾನು ಯಾವ ವಸ್ತುವಿಗೆ ಅಂಟಿಕೊಳ್ಳುತ್ತದೆಂಬುದು ತಿಳಿಯದೆಯೇ ಸುಮಾರು 15 ವರ್ಷ ಬಳಕೆಯಲ್ಲಿತ್ತೆಂಬುದು ಗಮನಾರ್ಹ. ಆ ವಸ್ತುವು ಅಮೋನಿಯಾವನ್ನು ಯೂರಿಯಾ ಆಗಿ ಪರಿವರ್ತಿಸುವ ಕ್ರಿಯೆಯ ಮೊದಲ ಕಿಣ್ವವಾದ ಕಾರ್ಬಮಾಯ್ಲ್ ಫಾಸ್ಫೇಟ್ ಸಿಂಥೆಟೇಸ್-1 ಎಂಬುದು 2008ರಲ್ಲಿ ತಿಳಿದುಬಂದಿತು.

ಜಠರದ ಕೆಲವು ಕ್ಯಾನ್ಸರ್‌ಗಳೂ ಇದೇ ಬಣ್ಣ ತೋರುವುದರಿಂದ ಆರ್ಜಿನೇಸ್-1 ಮುಂತಾದ ಕಿಣ್ವಗಳ ಪ್ರತಿಕಾಯಗಳನ್ನೂ ಜೊತೆಗೆ ಬಳಸಲಾಗುತ್ತದೆ. ಇದು ಎಸ್‌ಜಿಪಿಟಿಯಂತಹ ರಕ್ತ ಪರೀಕ್ಷೆಯಲ್ಲ. ಬೇರೆ ಆಸ್ಪತ್ರೆಗೆ ತೆರಳುವ ರೋಗಿಗಳು ವರದಿಯೊಂದಿಗೆ, ಅಂಗಾಂಶವನ್ನು ಸಂರಕ್ಷಿಸಿರುವ ಮೇಣದ ಬ್ಲಾಕನ್ನೂ ಪಡೆದು ಒಯ್ದಲ್ಲಿ ಮರು ಬಯಾಪ್ಸಿಯ ಅಗತ್ಯ ಬೀಳದಿರಬಹುದು.